ಕುದ್ರುವಿನ ಹಳದಿ ಮನೆ

ದಾಮೋದರ ರಾಯರು ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ಚೆಕ್ ಮಾಡಿದವರು. ಎದುರಿನವರ ಮುಖ ನೋಡಿಯೇ ಸುಳ್ಳು ಹಿಡಿಯುತ್ತೇನೆ ಎನ್ನುತ್ತಿದ್ದರು.

ರಿಟೈರ್ ಆದರೂ ಆ ಅಭ್ಯಾಸ ಬಿಡಲಿಲ್ಲ... ಹಾಲಿನವನ ಮೇಲೆ ಅನುಮಾನ. ಲಿಫ್ಟ್‌ನಲ್ಲಿ ನಕ್ಕು ಮಾತಾಡಿಸಿದವರ ಮೇಲೂ ಅನುಮಾನ.

ಒಂದು ಭಾನುವಾರ ಹೆಂಡತಿ ಪ್ರಮೀಳಮ್ಮ ಹಟ ಹಿಡಿದರು. "ಮನೆಯೊಳಗೇ ಕೂತು ಸಾಕಾಯ್ತು ಮಾರಾಯ್ರೆ. ಆ ಬಣ್ಣದ ಮನೆಗಳ ಕುದ್ರುವಿಗೆ ಹೋಗುವ."

ಮಂಗಳೂರಿನ ಗದ್ದಲದಿಂದ ದೋಣಿಯಲ್ಲಿ ಬರೀ ಹದಿನೈದು ನಿಮಿಷ. ಹೊಳೆಯ ನಡುವಿನ ಪುಟ್ಟ ದ್ವೀಪ ಅದು. ಅಲ್ಲಿ ಒಂದೊಂದು ಮನೆಗೂ ಒಂದೊಂದು ಬಣ್ಣ.

ದೋಣಿ ಹೊರಟಿತು. ಪ್ರಮೀಳಮ್ಮ ಕೇಳಿದರು, "ನಾವು ಎಲ್ಲಿಗೆ ಹೋಗ್ತಿದ್ದೇವೆ?"

ಅದು ಮೂರನೇ ಸಲ...

ಎರಡು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ಡಾಕ್ಟರನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ ಎಂದೇ ರಾಯರು ನಂಬಿದ್ದರು. ಗೊತ್ತಾದರೆ ಜನ ಮೋಸ ಮಾಡುತ್ತಾರೆ, ಬೆನ್ನ ಹಿಂದೆ ನಗುತ್ತಾರೆ ಎಂದು ರಾಯರು ಬಾಯಿ ಬಿಟ್ಟಿರಲಿಲ್ಲ.

ಎದುರು ಕೂತಿದ್ದ ಒಬ್ಬ ಮುದುಕಿ ಪ್ರಮೀಳಮ್ಮನನ್ನೇ ನೋಡುತ್ತಿದ್ದಳು. ಕಾಲ ಬಳಿ ತರಕಾರಿ ಚೀಲ, ಕೊರಳಲ್ಲಿ ಸಣ್ಣ ಶಿಲುಬೆ.

"ಅಮ್ಮನಿಗೆ ಹುಷಾರಿಲ್ವಾ?"

"ಅವಳಿಗೆ ಎಂತದೂ ಇಲ್ಲ!" ರಾಯರ ಧ್ವನಿ ಜೋರಾಯಿತು. ಇವಳ ಕಣ್ಣು ಹೆಂಡತಿಯ ಕೊರಳಿನ ಕರಿಮಣಿ ಸರದ ಮೇಲೇ ಇದೆ ಎನಿಸಿತು. ಸೆರಗು ಎಳೆದು ಸರ ಮುಚ್ಚಿದರು.

ಕುದ್ರುವಿನಲ್ಲಿ ಇಳಿದರೆ ಕಣ್ಣು ತುಂಬುವಷ್ಟು ಬಣ್ಣ... ನೀಲಿ, ಗಿಳಿಹಸಿರು, ಕುಂಕುಮ ಕೆಂಪು.

"ಎಲ್ಲ ಟೂರಿಸ್ಟ್‌ಗಳನ್ನು ಸೆಳೆಯುವ ನಾಟಕ," ಎಂದುಕೊಂಡರು ರಾಯರು.

ಎಳನೀರು ತೆಗೆದುಕೊಂಡರು. ಕಾಯಿ ಬಲಿತಿದೆ, ಬೇಕೆಂದೇ ಹಳೆಯದು ಕೊಟ್ಟಿದ್ದೀಯ ಎಂದು ಮಾರುವವನ ಜೊತೆ ವಾದಕ್ಕಿಳಿದರು.

ತಿರುಗಿ ನೋಡಿದರೆ... ಪ್ರಮೀಳಮ್ಮ ಇಲ್ಲ!

ರಾಯರು ದಡಕ್ಕೆ ಓಡಿದರು. ಅರ್ಧ ಗಂಟೆ ಓಣಿಗಳಲ್ಲಿ ಹುಡುಕಿದರು. ಕೂಗಿದರು. ಎಲ್ಲೂ ಇಲ್ಲ.

ಅಷ್ಟರಲ್ಲಿ ಲುಂಗಿ ಎತ್ತಿ ಕಟ್ಟಿದ ಒಬ್ಬ ಓಡಿ ಬಂದ. "ನಿಮ್ಮ ಹೆಂಗಸು ಸೆವ್ರಿನ್ ಬಾಯಿ ಮನೇಲಿ ಇದ್ದಾರೆ. ಬೇಗ ಬನ್ನಿ."

ಯಾರು ಈ ಸೆವ್ರಿನ್ ಬಾಯಿ ಎನ್ನುವ ಹೆಂಗಸು? ಇವನು ಯಾಕೆ ಕರೆಯುತ್ತಿದ್ದಾನೆ? ಎಲ್ಲರೂ ಸೇರಿ ಮಾಡಿದ ಸಂಚು ಇದು... ರಾಯರು ಜೇಬಿನಲ್ಲಿ ಫೋನನ್ನು ಬಿಗಿಯಾಗಿ ಹಿಡಿದೇ ಅವನ ಹಿಂದೆ ನಡೆದರು.

ಅದೊಂದು ಹಳದಿ ಮನೆ. ಜಗಲಿಯಲ್ಲಿ ಪ್ರಮೀಳಮ್ಮ ಕೂತು ಗಂಜಿ ಉಣ್ಣುತ್ತಿದ್ದರು. ಮೈಮೇಲೆ ಯಾರದ್ದೋ ಸೀರೆ.

ಕೊರಳು ಬರಿದು. ಕರಿಮಣಿ ಇಲ್ಲ.

ಪಕ್ಕದಲ್ಲಿ ನಿಂತಿದ್ದವಳು ದೋಣಿಯಲ್ಲಿದ್ದ ಅದೇ ಮುದುಕಿ!

"ಸರ ಎಲ್ಲಿ? ನನಗೆ ಆಗಲೇ ಗೊತ್ತಿತ್ತು. ಈಗಲೇ ಪೊಲೀಸರಿಗೆ ಫೋನ್ ಮಾಡ್ತೇನೆ!"

ಮುದುಕಿ ಒಳಗೆ ಹೋಗಿ ಒಂದು ಕರವಸ್ತ್ರದ ಗಂಟು ತಂದು ರಾಯರ ಕೈಗಿತ್ತಳು. ಬಿಚ್ಚಿದರೆ... ಕರಿಮಣಿ ಸರ.

"ನೀರಿಗೆ ಇಳಿದು ಬಿದ್ದಿದ್ರು. ಎತ್ತಿ ಕರ್ಕೊಂಡು ಬಂದೆ. ಸೀರೆ ಬದಲಾಯಿಸುವಾಗ ಅವರೇ ಸರ ತೆಗೆದು ಕೊಟ್ರು. 'ಇದು ನನ್ನದಲ್ಲ, ಯಾರದ್ದೋ' ಅಂದ್ರು. ತಿರುಗಿ ಹಾಕಿದ್ರೆ ಅಳ್ತಾರೆ. ಅದಕ್ಕೆ ಕಟ್ಟಿ ಇಟ್ಟೆ."

ರಾಯರು ಸರವನ್ನೇ ನೋಡಿದರು. ತಾವು ಕಟ್ಟಿದ ಕರಿಮಣಿಯೇ ಹೆಂಡತಿಗೆ ಮರೆತಿತ್ತು...

ಪಕ್ಕದ ಮೆಟ್ಟಿಲ ಮೇಲೆ ಕೂತರು.

"ದೋಣಿಯಲ್ಲೇ ನನಗೆ ಗೊತ್ತಾಯ್ತು," ಎಂದಳು ಸೆವ್ರಿನ್ ಬಾಯಿ. "ನಮ್ಮ ಯಜಮಾನರಿಗೂ ಇದೇ ಕಾಯಿಲೆ ಇತ್ತು. ಬೊನಿಫಾಸ್ ಅಂತ ಹೆಸರು. ದೋಣಿ ನಡೆಸ್ತಿದ್ರು. ಆಗ ಇಲ್ಲಿನ ಮನೆಗಳೆಲ್ಲ ಬರೀ ಬಿಳಿ ಸುಣ್ಣ. ಇವರು ಸಿಕ್ಕಿದ ಮನೆಗೆ ನುಗ್ಗಿ 'ಇದು ನನ್ನ ಮನೆ' ಅಂತ ಜಗಳ ಮಾಡ್ತಿದ್ರು. ನನಗೆ ನಾಚಿಕೆಯಾಗಿ ಒಳಗೆ ಹಾಕಿ ಬಾಗಿಲು ಹಾಕಿದೆ."

"ಮತ್ತೆ?"

"ಒಂದು ದಿನ ನೆರೆಯವರೇ ಬಂದ್ರು. 'ಸೆವ್ರಿನ್ ಬಾಯಿ, ಇವರನ್ನು ಯಾಕೆ ಮುಚ್ಚಿಡ್ತೀರಿ? ಅವರಿಗೆ ಇನ್ನೂ ಬಣ್ಣ ಗುರುತು ಸಿಗ್ತದಲ್ಲ?' ಅಂದ್ರು. ನಮ್ಮ ಯಜಮಾನರ ದೋಣಿ ಹಳದಿ. ನಮ್ಮ ಮನೆಗೆ ಹಳದಿ ಹಚ್ಚಿದ್ರು. ದೋಣಿಗೆ ಹಚ್ಚಿ ಉಳಿದ ಪೈಂಟ್ ತಂದು ಎಲ್ಲರೂ ತಮ್ಮ ಮನೆಗೆ ಬೇರೆ ಬೇರೆ ಬಣ್ಣ ಹಚ್ಕೊಂಡ್ರು. ಹಳದಿ ಮಾತ್ರ ಯಾರೂ ಮುಟ್ಟಲಿಲ್ಲ."

ರಾಯರು ಓಣಿಯ ಕಡೆ ನೋಡಿದರು. ಕಣ್ಣು ಮಂಜಾಗಿ ಬಣ್ಣಗಳೆಲ್ಲ ಒಂದರೊಳಗೊಂದು ಕಲೆತವು...

"ಅವರಿಗೆ ಹಳದಿ ನೆನಪಿತ್ತಾ, ಬಾಯಿ?"

"ಎರಡು ವರ್ಷ ಇತ್ತು. ಕೊನೆಗೆ ಅದೂ ಮರೆತು ಹೋಯ್ತು. ಆದ್ರೆ ಅಷ್ಟೊತ್ತಿಗೆ ಊರಿಗೆಲ್ಲ ಗೊತ್ತಿತ್ತಲ್ಲ? ಯಾರ ಮನೆಗೆ ಹೋದ್ರೂ ಊಟ ಹಾಕಿ, ಕೈ ಹಿಡ್ಕೊಂಡು ಕರ್ಕೊಂಡು ಬರ್ತಿದ್ರು."

ಪ್ರಮೀಳಮ್ಮನಿಗೆ ಇನ್ನಷ್ಟು ಗಂಜಿ ಬಡಿಸಿ ಅವಳು ಕೇಳಿದಳು, "ನಿಮ್ಮ ನೆರೆಕರೆಯಲ್ಲಿ ಯಾರಿಗೆ ಗೊತ್ತುಂಟು?"

"ಯಾರಿಗೂ ಇಲ್ಲ..."

"ಹಾಗಾದ್ರೆ ದಾರಿ ತಪ್ಪಿದ್ರೆ ಯಾರು ಕರ್ಕೊಂಡು ಬರೋದು?"

ರಾಯರು ಎದ್ದು ಕೈಮುಗಿದರು. "ತಪ್ಪಾಯ್ತು ಬಾಯಿ," ಎಂದರು.

ಮರುದಿನ ಬೆಳಿಗ್ಗೆ ರಾಯರು ಎದುರು ಫ್ಲ್ಯಾಟ್‌ನ ಬೆಲ್ ಒತ್ತಿದರು. ಏಳು ವರ್ಷದಲ್ಲಿ ಮೊದಲ ಸಲ. ಬಾಗಿಲು ತೆರೆದವರು ಟೀಚರ್ ಜುಬೇದಾ.

"ನನ್ನ ಹೆಂಡತಿಗೆ... ಮರೆವಿನ ಕಾಯಿಲೆ ಉಂಟು. ನಿಮಗೆ ಒಂದು ಮಾತು ಹೇಳಿ ಇಡುವ ಅಂತ..."

ಜುಬೇದಾ ತಲೆ ತಗ್ಗಿಸಿದರು.

"ನಮಗೆ ಗೊತ್ತುಂಟು ಸರ್. ನೀವು ಸ್ನಾನಕ್ಕೆ ಹೋದಾಗ ಆಂಟಿ ಮೂರು ಸಲ ಗೇಟ್ ದಾಟಿದ್ದಾರೆ. ಒಂದು ಸಲ ವಾಚ್‌ಮನ್, ಎರಡು ಸಲ ನಾನು ಕರ್ಕೊಂಡು ಬಂದು ಒಳಗೆ ಬಿಟ್ಟಿದ್ದೇವೆ. ಹೇಳಿದ್ರೆ ನೀವು ತಪ್ಪು ತಿಳ್ಕೊಳ್ತೀರಿ ಅಂತ... ಹೇಳಲಿಲ್ಲ."

ರಾಯರು ಬಾಗಿಲ ಚೌಕಟ್ಟು ಹಿಡಿದು ಮಗುವಿನಂತೆ ಅತ್ತರು.

"ಒಳಗೆ ಬನ್ನಿ ಸರ್," ಎಂದರು ಜುಬೇದಾ. "ಆಂಟಿಯನ್ನೂ ಕರೀರಿ. ಚಾ ಮಾಡ್ತೇನೆ."

ಅನುಮಾನದಿಂದ ಹಾಕಿದ ಚಿಲಕ ಕಳ್ಳರನ್ನು ತಡೆಯುವುದಕ್ಕಿಂತ ಹೆಚ್ಚಾಗಿ ನಮ್ಮವರನ್ನೇ ಹೊರಗಿಡುತ್ತದೆ.

ನಿಮ್ಮ ಮನೆಯ ಕಷ್ಟ ಎದುರು ಮನೆಯವರಿಗೆ ಗೊತ್ತಿದೆಯೇ? ಅವರ ಕಷ್ಟ ನಿಮಗೆ?