ಮಾವನ ಖಾತೆ

"ಅದನ್ನ ಒತ್ತಬೇಡ ಕಣೇ ತ್ರಿಶಾ," ಎನ್ನುತ್ತಾ ಅನಂತರಾಜ ಮಾವ ಕುರ್ಚಿಯಿಂದ ಅರ್ಧ ಎದ್ದರು. ತ್ರಿಶಾಳ ಬೆರಳು ಮೌಸಿನ ಮೇಲಿತ್ತು. ಪರದೆಯಲ್ಲಿ ಮಾವನ ಇ-ಮೇಲ್ ಖಾತೆ, ಅದರ ಕೆಳಗೆ ಅದನ್ನು ಮುಚ್ಚುವ ಕೆಂಪು ಗುಂಡಿ.

ಅರಸೀಕೆರೆಯ ಕೊಬ್ಬರಿ ಮಂಡಿಗಳಿಗೂ ಬೇಲೂರಿನ ಲಾಡ್ಜುಗಳಿಗೂ ಇ-ಮೇಲ್ ಹೋಗಿಬರುತ್ತಿದ್ದುದು ಅವಳು ಈ ಅಂಗಡಿಯಿಂದ ನಡೆಸುತ್ತಿದ್ದ ಸರ್ವರಿನ ಮೂಲಕವೇ. ಮಾವ ತಾವು ಮಾರುವ ಮನೆ ಸೈಟುಗಳ ಜಾಹೀರಾತನ್ನು ಗುರುತುಪರಿಚಯವಿಲ್ಲದ ಸಾವಿರಾರು ಜನರಿಗೆ ಕಳಿಸಿದ್ದರಿಂದ ಆ ಸರ್ವರ್ ಕಸದ ಮೇಲ್ ಕಳಿಸುವವರ ಕಪ್ಪುಪಟ್ಟಿಗೆ ಬಿದ್ದಿತ್ತು. ಈಗ ಅಲ್ಲಿಂದ ಯಾರು ಕಳಿಸಿದ ಇ-ಮೇಲೂ ಮುಟ್ಟುತ್ತಿರಲಿಲ್ಲ. ಹಿಂದೊಮ್ಮೆ ಹೀಗೇ ಆದಾಗ ಅವಳು ಪಟ್ಟಿ ಮಾಡುವವರಿಗೆ ಅರ್ಜಿ ಹಾಕಿ ಅದರಿಂದ ತೆಗೆಸಿದ್ದಳು. ಮಾವ ಮತ್ತೆ ಕಳಿಸಿದ್ದರು.

"ಇನ್ನೊಂದು ಅರ್ಜಿ ಹಾಕು. ಸರಿಮಾಡಿದ್ದೀವಿ ಅಂತ ಬರಿ, ಸಾಕು."

"ಸರಿಮಾಡದೆ ಹೇಗೆ ಬರೀಲಿ ಮಾವ? ಬೇಲೂರಿನ ಗೋಪಾಲಸ್ವಾಮಿಯವರು ಬೆಳಿಗ್ಗೆ ಫೋನ್ ಮಾಡಿದ್ರು. ರೂಮ್ ಖಾಲಿ ಇಲ್ಲ ಅಂತ ಅವರು ಕಳಿಸಿದ ಮೇಲ್ ಮುಟ್ಟದೆ, ಒಂದು ಸಂಸಾರ ಮಕ್ಕಳನ್ನ ಕಟ್ಕೊಂಡು ಬಂದು ಲಾಡ್ಜ್ ಬಾಗಿಲಲ್ಲಿ ನಿಂತಿತ್ತಂತೆ."

ಮಾವನ ದನಿ ತಗ್ಗಿತು. "ನಿನ್ನ ಮೊದಲ ಗಿರಾಕಿ ನಾನು. ನೀನು ಕೂತಿರೋ ಈ ಅಂಗಡೀನೂ ನಂದೇ. ನೆನಪಿರಲಿ."

ಅದನ್ನು ಅವಳು ಮರೆತಿರಲಿಲ್ಲ. ಯಾರೂ ನಂಬದಿದ್ದಾಗ ಬಾಡಿಗೆ ಕೇಳದೆ ಬಾಗಿಲು ತೆರೆದುಕೊಟ್ಟವರು ಇವರೇ. ಆದರೂ ಒತ್ತಿದಳು. ಪರದೆಯಿಂದ ಮಾವನ ಹೆಸರು ಅಳಿಸಿಹೋಯಿತು.

ತ್ರಿಶಾ ಗೊಂಚಲಿನಿಂದ ಅಂಗಡಿಯ ಕೀಲಿಕೈ ಬಿಡಿಸಿ ಅವರ ಮುಂದಿಟ್ಟಳು. "ಸಂಜೆಯೊಳಗೆ ಖಾಲಿ ಮಾಡ್ತೀನಿ ಮಾವ. ಈಗ ಸರಿಮಾಡಿದ್ದೀವಿ ಅಂತ ಆ ಅರ್ಜಿ ಬರೀಬೇಕು, ಅಷ್ಟು ಹೊತ್ತು ಕೂರೋಕೆ ಬಿಡಿ," ಎಂದು ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು.