ಕೆಳಗಿನ ಸಾಲು

“ಕೆಳಗಡೆ ಖಾಲಿ ಸಾಲೊಂದು ಬಂದಿದೆ. ಅಷ್ಟೇನಾ ಹೊಸದು?” ಎಂದರು ವಿಲ್ಸನ್ ಗಾರ್ಡನ್ನಿನ ಪ್ರೆಸ್ ಮಾಲೀಕ ದೇವದಾಸ್, ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ.

“ಮಜಾ ಇರೋದೇ ಅಲ್ಲಿ ಸಾರ್,” ಎಂದ ಚೈತನ್ಯ. “ಮೊದಲು ಒಂದೊಂದು ಕೆಲಸಕ್ಕೂ ಒಂದೊಂದು ಕೀ ನೆನಪಿಟ್ಕೋಬೇಕಿತ್ತು. ಈಗ ಕೋಲನ್ ಒತ್ತಿ, ಏನಾಗ್ಬೇಕೋ ಅದನ್ನ ಆ ಸಾಲಲ್ಲಿ ಕನ್ನಡದಲ್ಲೇ ಟೈಪ್ ಮಾಡಿ. ಹುಡುಕು ಅಂದ್ರೆ ಹುಡುಕುತ್ತೆ, ಉಳಿಸು ಅಂದ್ರೆ ಉಳಿಸುತ್ತೆ. ಮೌಸ್ ಮುಟ್ಟೋದೇ ಬೇಡ.”

ಅವನ ಹಿಂದೆ ನಿಂತು ಸಂಘಮಿತ್ರಾ ಕಾಯುತ್ತಿದ್ದಳು. ಬರಹ ತಿದ್ದುವ ಈ ಎಡಿಟರ್ ಸಾಫ್ಟ್‌ವೇರನ್ನೂ ಕೆಳಗಿನ ಆ ಸಾಲನ್ನೂ ಬರೆದವಳು ಅವಳು. ಆಫೀಸಿರುವ ಜೆ.ಪಿ. ನಗರದ ಈ ಮಹಡಿ ಚೈತನ್ಯನ ತಂದೆಯದು. ಬಾಗಿಲ ಬೋರ್ಡಿನ ಮೇಲಿರುವುದೂ ಚೈತನ್ಯನ ಹೆಸರೇ. ಹೋಗಲಿ, ಇವತ್ತು ದೇವದಾಸರ ಮುಂದೆ ‘ಮಾಡಿದ್ದು ಇವಳು’ ಅಂತ ಒಂದು ಮಾತು ಹೇಳಿಬಿಡು ಎಂದು ಬೆಳಿಗ್ಗೆ ಕೇಳಿಕೊಂಡಿದ್ದಳು. “ಹೇಳ್ದೆ ಇರ್ತೀನಾ ಮಿತ್ರಾ, ನೀನೊಳ್ಳೆ,” ಎಂದು ಅವನು ನಕ್ಕಿದ್ದ.

ಚೈತನ್ಯ ದೇವದಾಸರು ತಂದಿದ್ದ ಪುಸ್ತಕದ ಮುನ್ನುಡಿಯಲ್ಲಿ ಒಂದು ಪದ ಸೇರಿಸಿ, ಅದೇ ಓಟದಲ್ಲಿ ಕೋಲನ್ ಒತ್ತಿ ‘ಉಳಿಸು’ ಎಂದು ಬಡಿದ. ಕೆಳಗಿನ ಸಾಲು ಮಿಸುಕಲಿಲ್ಲ. ಮತ್ತೆ ಬಡಿದ. ಇನ್ನೊಮ್ಮೆ.

“ಏನ್ರೀ ಇದು, ಮುನ್ನುಡಿ ತುಂಬಾ ಉಳಿಸು ಉಳಿಸು ಅಂತ ಬರ್ತಿದೆ? ಯಾರೋ ಹೊಸಕೆರೆಹಳ್ಳಿ ಕೆರೆಗೆ ಬಿದ್ದು ಕೂಗ್ಕೊಂಡ ಹಾಗೆ.”

ಚೈತನ್ಯನ ಕಿವಿ ಕೆಂಪಾಯಿತು.

“ನೀನಿನ್ನೂ ಬರೆಯೋ ಮೋಡ್‌ನಲ್ಲೇ ಇದ್ದೀಯ, ಒತ್ತಿದ್ದೆಲ್ಲ ಪುಟದಲ್ಲೇ ಬೀಳುತ್ತೆ,” ಎಂದಳು ಸಂಘಮಿತ್ರಾ ಮೆಲ್ಲಗೆ. “ಎಸ್ಕೇಪ್ ಒತ್ತಿ ಅದರಿಂದ ಆಚೆ ಬಾ. ಕೋಲನ್ ಆಮೇಲೆ.”

ಅವನು ಕುರ್ಚಿಯನ್ನು ಪಕ್ಕಕ್ಕೆ ಜರುಗಿಸಿಕೊಂಡ. ಅವಳು ನಿಂತಲ್ಲಿಂದಲೇ ಬಗ್ಗಿ ಎಸ್ಕೇಪ್ ಒತ್ತಿ, ಆ ಮೂರು ‘ಉಳಿಸು’ಗಳನ್ನೂ ಅಳಿಸಿ, ಕೋಲನ್ ಹಾಕಿ ಆಜ್ಞೆ ಕೊಟ್ಟಳು. ಕೆಳಗಿನ ಸಾಲಿನಲ್ಲಿ ‘ಉಳಿಸಲಾಗಿದೆ’ ಎಂದು ಮೂಡಿತು.

“ಭೇಷ್,” ಎಂದರು ದೇವದಾಸ್. “ನಮ್ಮ ಪ್ರೂಫ್ ನೋಡೋರಿಗೆಲ್ಲ ಇದನ್ನೇ ಹಾಕ್ಕೊಡಿ. ಅಂದ ಹಾಗೆ, ಮಾಡಿದ್ದು ಯಾರು?”

ಸಂಘಮಿತ್ರಾ ನೆಟ್ಟಗೆ ನಿಂತಳು.

“ನಾವೇ ಸಾರ್. ಟೀಮು.”

“ಇವರು?”

“ಮಿತ್ರಾ ಅಂತ. ಆಫೀಸಲ್ಲಿ ಎಲ್ಲಾ ಇವಳೇ ನೋಡ್ಕೊಳ್ಳೋದು ಸಾರ್.”

ದೇವದಾಸ್ ತಲೆಯಾಡಿಸಿದರು. ಪರದೆಯಿಂದ ಕಣ್ಣು ಕೀಳದೆ, ಕುಡಿದು ಮುಗಿಸಿದ ಕಾಫಿ ಲೋಟವನ್ನು ಅವಳತ್ತ ಚಾಚಿದರು. ಅವಳ ಕೈ ತಾನಾಗಿಯೇ ಮುಂದೆ ಹೋಗಿ ಅದನ್ನು ಹಿಡಿದುಕೊಂಡಿತು.