ಎಂಟು ಬಡಿತ

ಅಡುಗೆಮನೆಯಿಂದ ಪಟ್ ಪಟ್ ಎಂಬ ಸಣ್ಣ ಸದ್ದು ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಇಷ್ಟೊತ್ತಿನಲ್ಲಿ ರೊಟ್ಟಿ ಬಡಿಯುವವರು ಯಾರು? ದೇವಿಕಾ ನೋಟ್ಸ್ ಕೆಳಗಿಟ್ಟು ಎದ್ದಳು. ಬೆಳಿಗ್ಗೆ ಮಾನ್ವಿ ಪಟ್ಟಣದ ಕಾಲೇಜೊಂದರಲ್ಲಿ ಅವಳ ಜೀವಶಾಸ್ತ್ರದ ಡೆಮೊ ಕ್ಲಾಸ್ ಇತ್ತು. ಅದು ಚೆನ್ನಾಗಿ ಆದರೆ ಮಾತ್ರ ಕೆಲಸ. ಆದರೆ ಡಿಎನ್ಎಯ ಪೂರ್ಣ ಹೆಸರಲ್ಲಿ ಬರುವ ‘ಡಿಆಕ್ಸಿರೈಬೋನ್ಯೂಕ್ಲೀಯಿಕ್’ ಎಂಬ ಪದ ಅವಳ ನಾಲಿಗೆಗೆ ಸಂಜೆಯಿಂದಲೂ ದಕ್ಕಿರಲಿಲ್ಲ. ಮೊಬೈಲ್ ನೂರು ಸಲ ಹೇಳಿಕೊಟ್ಟಿತ್ತು. “ಅದೇನ್ ಮಾತೋ ಕಲ್ಲೋ? ಸಂಜಿಯಿಂದ ಜಗಿಯಾಕತ್ತೀ,” ಎಂದು ಅತ್ತೆ ಆದೆಮ್ಮ ಊಟದ ಹೊತ್ತಿಗೆ ನಕ್ಕಿದ್ದರು.

ಬಾಗಿಲ ಸಂದಿಯಿಂದ ಇಣುಕಿದಳು. ಒಲೆ ಹೊತ್ತಿರಲಿಲ್ಲ, ಹಿಟ್ಟೂ ಇರಲಿಲ್ಲ. ಅಕ್ಷರ ಬಾರದ ಅತ್ತೆ ಬರಿಯ ಕಲ್ಲಿನ ಮೇಲೆ ಅಂಗೈ ಬಡಿಯುತ್ತ, ಇಲ್ಲದ ರೊಟ್ಟಿಯನ್ನು ತಿರುಗಿಸುತ್ತ, ಬಡಿತಕ್ಕೊಂದು ತುಂಡು ಹೇಳುತ್ತಿದ್ದರು: “ಡಿ, ಆಕ್, ಸಿ, ರೈ, ಬೋ, ನ್ಯೂ, ಕ್ಲೀ, ಇಕ್.” ‘ಕ್ಲೀ’ಗೆ ಮಾತ್ರ ಅಂಗೈ ಜೋರಾಗಿ ಬೀಳುತ್ತಿತ್ತು. “ಎಂಟಕ್ಕ ಮುಗೀತ್ ನೋಡು. ಇಷ್ಟಕ್ಕ ಹೆದರ್ತದ ಹುಡುಗಿ,” ಎಂದು ತಮ್ಮಷ್ಟಕ್ಕೆ ನಕ್ಕು, ಮತ್ತೆ ಮೊದಲಿನಿಂದ ಶುರು ಮಾಡಿದರು.

ಕತ್ತಲಲ್ಲಿ ನಿಂತ ದೇವಿಕಾ ತೊಡೆಯ ಮೇಲೆ ಅದೇ ಲಯದಲ್ಲಿ ಬೆರಳು ಬಡಿದಳು. ಪದ ಇಡಿಯಾಗಿ, ಎಲ್ಲೂ ತೊಡರದೆ ಬಂತು. ಅವಳಿಗೆ ಜೋರಾಗಿ ನಗಬೇಕೆನಿಸಿತು.

ಬೆಳಿಗ್ಗೆ ಬುತ್ತಿ ಕಟ್ಟುತ್ತ ಅತ್ತೆ ಮುಖ ಎತ್ತದೆ ಕೇಳಿದರು: “ಬಂತೇನವ್ವಾ, ನಿನ್ನ ಮಾತು?”

“ಬಂತ್ರೀ ಅತ್ತಿ. ಮಲಗೂ ಮುಂಚೆ ತಾನಾಗೇ ಬಂತು.”

ಗಂಡನಿಗೆ ಹೇಳಿದರೆ ಮನೆಯೆಲ್ಲ ನಗೆಯಾಗುತ್ತದೆ, ಅತ್ತೆ ನಾಚಿ ಮತ್ತೆಂದೂ ಆ ಪದಕ್ಕೆ ಬಾಯಿ ಬಿಡುವುದಿಲ್ಲ. ರಾತ್ರಿ ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡು ದೇವಿಕಾ ಬುತ್ತಿಗೆ ಕೈ ಚಾಚಿದಳು.